ಅಜ್ಜನ ಕೈಲಿದ್ದ ಬಂದೂಕು

ನಮ್ಮನೆ ಪಡಸಾಲೆಯಲ್ಲಿ ಅಜ್ಜನ ಫೋಟೊ ಇದೆ. ರಾಣೆಬೆನ್ನೂರಿನ ಸ್ಟುಡಿಯೊ, ಹಿಂದೆ ಬಣ್ಣದ ಪರದೆ, ಕೈಯಲ್ಲಿ ಬಂದೂಕು. 1942ರ ಚಳವಳಿಯಲ್ಲಿ ಅಜ್ಜ ಪೊಲೀಸರಿಂದ ಕಿತ್ಕೊಂಡ ರೈಫಲ್ ಅದು ಅಂತ ಕೇಳಿಕೊಂಡೇ ಬೆಳೆದೆ. ಬ್ಯಾಡಗಿ ತಾಲ್ಲೂಕಿನವರಿಗೆ ಇದನ್ನ ನಂಬೋದು ಕಷ್ಟವಲ್ಲ. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹಾವೇರಿ ಹತ್ತಿರದ ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಬಲಿಯಾದವರು.

ಹೋದ ವರ್ಷ ಆಗಸ್ಟ್ ಹದಿನೈದಕ್ಕೆ ಕಾಕಾ ಅಜ್ಜನ ಫ್ಲೆಕ್ಸ್ ಹಾಕಿಸಬೇಕು ಅಂದ. ಸ್ಕ್ಯಾನ್ ಮಾಡೋ ಕೆಲಸ ನನಗೆ ಬಂತು. ಝೂಮ್ ಮಾಡಿದರೆ ಪಕ್ಕಪಕ್ಕ ಎರಡು ನಳಿಗೆ, ಮೇಲೆ ಎರಡು ಕುದುರೆ. ಆ ಕಾಲದ ಲೀ-ಎನ್‌ಫೀಲ್ಡ್ ರೈಫಲ್‌ಗೆ ಒಂದೇ ನಳಿಗೆ, ಬಲಗಡೆ ಬೋಲ್ಟಿನ ಹಿಡಿ. ಇದು ಬೇಟೆಗೆ, ಹೊಲ ಕಾಯೋಕೆ ಇಟ್ಕೊಳ್ಳೋ ಜೋಡುನಳಿಗೆ ಬಂದೂಕು.

ಅಮೆರಿಕದ ಬಿಲ್ಲಿ ದ ಕಿಡ್ ನೆನಪಾದ. ಅವನ ಪ್ರಸಿದ್ಧ ಫೋಟೊದಲ್ಲಿ ಪಿಸ್ತೂಲು ಎಡಸೊಂಟದಲ್ಲಿ ಕಾಣುತ್ತೆ. ಅದನ್ನು ನೋಡಿ ಜನ ಅವನನ್ನ ಎಡಚ ಅಂತಲೇ ನಂಬಿದ್ರು. 1958ರಲ್ಲಿ ಅದೇ ಅರ್ಥದ ಹೆಸರಿಟ್ಟು ಹಾಲಿವುಡ್ ಸಿನಿಮಾ ಕೂಡ ಬಂತು. ಆದರೆ ಅವನ ಕೈಲಿರೋ ವಿಂಚೆಸ್ಟರಿಗೆ ತೋಟಾ ತುಂಬೋ ಕಿಂಡಿ ಇರೋದು ಬಲಕ್ಕೆ, ಫೋಟೊದಲ್ಲಿ ಎಡಕ್ಕಿದೆ. ತಗಡಿನ ಮೇಲೆ ತೆಗೆಯೋ ಆ ಕಾಲದ ಫೋಟೊ ಕನ್ನಡಿಯಂತೆ ತಿರುಗಿ ಮೂಡ್ತಿತ್ತು, ಅಷ್ಟೇ.

ಅಪ್ಪನಿಗೆ ಹೇಳಿದೆ. ಅಪ್ಪ ಬೆಚ್ಚಲಿಲ್ಲ. “ಗೌಡ್ರ ಬಂದೂಕದು. ಅಜ್ಜ ಅವರ ಹೊಲ ಕಾಯ್ತಿದ್ದ. ನನಗೆ ಗೊತ್ತೈತಿ” ಅಂದ. ಅಜ್ಜ ಎಂದೂ ತಾನು ಹೋರಾಟಗಾರ ಅಂತ ಹೇಳಿಕೊಂಡವನಲ್ಲವಂತೆ. ‘ಆಳಿನ ಮಕ್ಕಳು’ ಅನ್ನಿಸಿಕೊಂಡು ಸಾಕಾದವರು ಆ ಕಥೆ ಕಟ್ಟಿದ್ದು.

ಕಾಕಾ ಮಾತ್ರ ಸಿಟ್ಟಾದ. “ನೀ ಬೆಂಗಳೂರಾಗ ಇರ್ತಿ. ಊರಾಗ ತಲಿ ಎತ್ತಿ ಅಡ್ಡಾಡಬೇಕಾದವರು ನಾವು.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ನನ್ನನ್ನ ಯಾರೂ ‘ನಿಮ್ಮಜ್ಜ ಯಾರು’ ಅಂತ ಕೇಳೋದಿಲ್ಲ. ಸತ್ಯ ಹೇಳೋದು ನನಗೆ ಅಗ್ಗ. ಅದರ ಬೆಲೆ ಕೊಡೋನು ಕಾಕಾ. ಆದರೂ ಫೈಲ್ ಕಳಿಸೋಕೆ ಮನಸ್ಸು ಒಪ್ಪಲಿಲ್ಲ. ಆ ಫ್ಲೆಕ್ಸ್ ಹೊಸರಿತ್ತಿಯ ಮೂವರಿಂದ ಕಡ ತಂದ ಗೌರವ. ಅದಕ್ಕಿಂತ ಹೆಚ್ಚಾಗಿ, ಜೋಳದ ಹೊಲದಲ್ಲಿ ರಾತ್ರಿಯೆಲ್ಲ ಎಚ್ಚರ ಇದ್ದವನ ದುಡಿಮೆ ಹೇಳಿಕೊಳ್ಳೋಕೆ ಸಾಲದು ಅಂತ ನಾವೇ ಒಪ್ಪಿದ ಹಾಗೆ.

ಕೊನೆಗೆ ಫ್ಲೆಕ್ಸ್‌ನಲ್ಲಿ ಹೊಸರಿತ್ತಿಯ ಮೂವರೇ ಬಂದ್ರು. ಕಾಕಾ ಇನ್ನೂ ನನ್ನ ಫೋನ್ ಎತ್ತಿಲ್ಲ.