ಎರಡನೆಯ ಸಲ ಹಲ್ಲಿಗೆ ತಂತಿ: ನಿಯಮವೋ, ಯಮವೋ?

ಒಮ್ಮೆ ಕೈಗೊಂಡು ಪೂರೈಸಿದೆನೆಂದು ತಿಳಿದ ಕಾರ್ಯವು ಕಾಲಾಂತರದಲ್ಲಿ ಕೆಟ್ಟು, ಅದನ್ನೇ ಪುನಃ ಮೊದಲಿನಿಂದ ಆರಂಭಿಸಬೇಕಾಗಿ ಬಂದಾಗ ಮನುಷ್ಯನಿಗೆ ಆಗುವ ಸಂಕೋಚವು ಮೊದಲ ಸಲದ ಕಷ್ಟಕ್ಕಿಂತ ದೊಡ್ಡದು. ಮೊದಲ ಸಲ ನೋವು ಮಾತ್ರ ಇರುತ್ತದೆ. ಎರಡನೆಯ ಸಲ ನೋವಿನೊಡನೆ ನಾಚಿಕೆಯೂ ಸೇರುತ್ತದೆ. ಈ ನಾಚಿಕೆಯು ಎಷ್ಟರಮಟ್ಟಿಗೆ ಯುಕ್ತ, ಎಷ್ಟರಮಟ್ಟಿಗೆ ವೃಥಾ ಎಂಬುದೇ ಇಲ್ಲಿಯ ವಿಚಾರ. ಉದಾಹರಣೆಯು ಹಲ್ಲಿಗೆ ಸಂಬಂಧಿಸಿದುದು. ಅಷ್ಟರಿಂದಲೇ ವಾಚಕರು ಇದನ್ನು ಕ್ಷುಲ್ಲಕವೆಂದು ಎಣಿಸಬಾರದಾಗಿ ವಿನಂತಿ.

ಹಿಂದೆ ನನ್ನಲ್ಲಿ ಓದಿದ ಶ್ರಾವಿಕೆಯೊಬ್ಬಳು, ಈಗ 41 ವರ್ಷದ ಗೃಹಿಣಿ, ಕೆಲವು ತಿಂಗಳ ಹಿಂದೆ ನನಗೊಂದು ಪತ್ರ ಬರೆದಿದ್ದಳು. ಹದಿನೇಳನೆಯ ವಯಸ್ಸಿನಲ್ಲಿ ಆಕೆಯ ಹಲ್ಲುಗಳಿಗೆ ಎರಡು ವರ್ಷ ತಂತಿ ಕಟ್ಟಿದ್ದರು. ತಂತಿ ಬಿಚ್ಚಿದ ಮೇಲೆ, ಹಲ್ಲುಗಳನ್ನು ಇದ್ದಲ್ಲಿಯೇ ನಿಲ್ಲಿಸುವ ರಿಟೈನರ್ ಎಂಬ ಸಾಧನವನ್ನು ಒಂದು ವರ್ಷ ಧರಿಸಬೇಕೆಂದು ಆಗಿನ ವೈದ್ಯರು ಹೇಳಿದ್ದರಂತೆ. ವರ್ಷವೇನೋ ಕಳೆಯಿತು. ಬಳಿಕ ವಿವಾಹ, ಪರಸ್ಥಳ, ಎರಡು ಹೆರಿಗೆ. ರಿಟೈನರಿನ ಡಬ್ಬಿ ತವರಿನ ಕಪಾಟಿನಲ್ಲಿಯೇ ಉಳಿಯಿತು. ಇಂದು ಕೆಳದವಡೆಯ ಬಾಚಿಹಲ್ಲುಗಳು ಒಂದರ ಮೇಲೊಂದು ಏರಿ, ಸಂದಿನಲ್ಲಿ ಅನ್ನ ಸಿಕ್ಕಿಕೊಂಡು ವಸಡಿನಿಂದ ರಕ್ತ ಬರುತ್ತಿದೆ. ಮೊದಲು ವಸಡನ್ನು ಗುಣಪಡಿಸಿ, ಅನಂತರ ಪುನಃ ತಂತಿ ಕಟ್ಟುವುದು ಒಳಿತೆಂದು ಈಗಿನ ವೈದ್ಯರ ಅಭಿಪ್ರಾಯ. “ಮಗಳಿಗೆ ಹಾಕಿಸುವ ಕಾಲದಲ್ಲಿ ತಾಯಿಗೆ ತಂತಿಯೇ?” ಎಂದು ಅತ್ತೆಯವರು. “ಅತ್ತಿಗೆ, ಮೊದಲಿನ ದುಡ್ಡು ನೀರಿಗೆ ಹೋಯಿತೆ?” ಎಂದು ನಾದಿನಿ. ಅಣುವ್ರತಗಳನ್ನು ಸ್ವೀಕರಿಸಿ ಪರಿಗ್ರಹಕ್ಕೆ ಪರಿಮಾಣ ಮಾಡಿಕೊಂಡಿರುವ ಆಕೆಯ ಪ್ರಶ್ನೆ ಇದು: “ಮೇಷ್ಟ್ರೇ, ಇದು ದೇಹದ ಮೋಹವಲ್ಲವೆ? ಉಳಿಸಿಕೊಳ್ಳಲಾರದವಳಿಗೆ ಎರಡನೆಯ ಸಲ ಪಡೆಯುವ ಅಧಿಕಾರವುಂಟೆ?”

ಮೋಹದ ಪ್ರಶ್ನೆಗೆ ಉತ್ತರ ಕಠಿನವಲ್ಲ. ನಮ್ಮ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ಅವರು ಹಲ್ಲನ್ನು ಉಜ್ಜುವುದೂ ಇಲ್ಲ. ಆದರೆ ಅದು ಯತಿಧರ್ಮ. ಶ್ರಾವಕನ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿದೆ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೂ ನಮ್ಮದೇ ಪರಂಪರೆಯ ಗ್ರಂಥ. ರೋಗವನ್ನು ಉಪೇಕ್ಷಿಸುವುದು ಗೃಹಸ್ಥನಿಗೆ ವೈರಾಗ್ಯವೆನಿಸದು. ವಸಡಿನ ರಕ್ತವೊಂದೇ ಕಾರಣವೋ, ಕನ್ನಡಿಯೂ ಕಾರಣವೋ ಎಂದು ಕೇಳಿದರೆ, ಎರಡೂ ಬೆರೆತಿರುವುದೇ ಸಹಜ. ಬೆರೆತಿಲ್ಲವೆಂದು ಹೇಳಿಕೊಳ್ಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆಕೆಯ ಎರಡನೆಯ ಪ್ರಶ್ನೆಯೇ ತೂಕವುಳ್ಳದ್ದು. ಅದಕ್ಕೆ ಉತ್ತರಿಸುವ ಮುನ್ನ ಹಲ್ಲು ಹೇಗೆ ಚಲಿಸುತ್ತದೆಂಬುದನ್ನು ತಿಳಿಯಬೇಕು. ಗೋಡೆಗೆ ಮೊಳೆ ಹೊಡೆದಂತೆ ಹಲ್ಲು ದವಡೆಯ ಮೂಳೆಯಲ್ಲಿ ನಾಟಿಕೊಂಡಿರುತ್ತದೆಂದು ಬಹುಮಂದಿಯ ಭಾವನೆ. ವಸ್ತುತಃ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸೂಕ್ಷ್ಮವಾದ ತಂತುಗಳ ಪದರವೊಂದಿದ್ದು, ಹಲ್ಲು ಆ ತಂತುಗಳಲ್ಲಿ ತೂಗಿಕೊಂಡಿರುತ್ತದೆ. ತಂತಿಯು ಮೃದುವಾಗಿ, ಸತತವಾಗಿ ಒತ್ತಿದಾಗ, ಒತ್ತಡ ಬಿದ್ದ ಪಕ್ಕದ ಮೂಳೆಯನ್ನು ಶರೀರದ ಒಂದು ಬಗೆಯ ಜೀವಕೋಶಗಳು ಕರಗಿಸುತ್ತವೆ. ತೆರವಾದ ಪಕ್ಕದಲ್ಲಿ ಇನ್ನೊಂದು ಬಗೆಯ ಜೀವಕೋಶಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಹೀಗೆ ತಿಂಗಳಿಗೆ ಸುಮಾರು 1 ಮಿಲಿಮೀಟರಿನಂತೆ ಹಲ್ಲು ಸರಿಯುತ್ತದೆ. ತಂತಿ ಬಿಚ್ಚಿದ ದಿನ ಕನ್ನಡಿಗೆ ಎಲ್ಲವೂ ಮುಗಿದಂತೆ ಕಂಡರೂ ಒಳಗೆ ಮುಗಿದಿರುವುದಿಲ್ಲ. ಹೊಸ ಮೂಳೆ ಇನ್ನೂ ಬಲಿಯಬೇಕು; ವಸಡಿನ ತಂತುಗಳಂತೂ ಎಳೆದ ರಬ್ಬರಿನಂತೆ ಬಹುಕಾಲ ಬಿಗಿದೇ ಇದ್ದು ಹಲ್ಲನ್ನು ಹಿಂದಿನ ಸ್ಥಾನಕ್ಕೆ ಸೆಳೆಯುತ್ತಿರುತ್ತವೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ದಂತತಜ್ಞ ಲಿಟ್ಲ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಲ್ಲು ಕೀಳಿಸಿ ತಂತಿ ಹಾಕಿಸಿಕೊಂಡಿದ್ದ 65 ಮಂದಿಯನ್ನು, ರಿಟೈನರ್ ಬಿಟ್ಟು ಹತ್ತು ವರ್ಷಗಳಾದ ಮೇಲೆ ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂಬಲ್ಲುಗಳು ತೃಪ್ತಿಕರವಾಗಿ ಉಳಿದಿರಲಿಲ್ಲ. ಇಪ್ಪತ್ತು ವರ್ಷಗಳಾದವರನ್ನು ಕುರಿತು 1988ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಒಪ್ಪತಕ್ಕ ಸ್ಥಿತಿಯಲ್ಲಿದ್ದವರು ನೂರಕ್ಕೆ ಹತ್ತು ಮಂದಿ ಮಾತ್ರ. ತಂತಿಯನ್ನೇ ಕಾಣದವರ ಕೆಳಹಲ್ಲುಗಳೂ ವಯಸ್ಸಾದಂತೆ ಒತ್ತೊತ್ತಾಗುವುದುಂಟು. (ಬುದ್ಧಿಹಲ್ಲು ಹಿಂದಿನಿಂದ ತಳ್ಳುವುದರಿಂದಲೇ ಹೀಗಾಗುತ್ತದೆಂದು ಮನೆಮನೆಯಲ್ಲಿಯೂ ಹೇಳುವರು; ಸಂಶೋಧನೆಯು ಈ ಮಾತನ್ನು ಅಷ್ಟಾಗಿ ಸಮರ್ಥಿಸಿಲ್ಲ.) ಹೀಗಿರುವಲ್ಲಿ, ಹಲ್ಲು ಸರಿದುದೆಲ್ಲವನ್ನೂ ಆಕೆಯ ಚಿತ್ತದೌರ್ಬಲ್ಯದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಬಹುಪಾಲು ಅದು ಜೀವಂತ ಶರೀರದ ಸ್ವಭಾವ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡಾಗಿ ವಿಂಗಡಿಸಿರುವುದನ್ನು ಸ್ವಾಧ್ಯಾಯ ಮಾಡುವವರೆಲ್ಲ ಬಲ್ಲರು. ಕಾಲದ ಮಿತಿಯುಳ್ಳದ್ದು ನಿಯಮ. ಜೀವವಿರುವವರೆಗೆ ಧರಿಸತಕ್ಕದ್ದು ಯಮ. ಆಕೆಗೆ ಹದಿನೇಳರಲ್ಲಿ ಈ ಚಿಕಿತ್ಸೆಯನ್ನು ನಿಯಮವೆಂದು ಹೇಳಿಕೊಟ್ಟರು: ಎರಡು ವರ್ಷ ತಂತಿ, ಒಂದು ವರ್ಷ ರಿಟೈನರ್, ಅಲ್ಲಿಗೆ ಸಮಾಪ್ತಿ. ವಿಷಯವು ಯಮದ ಜಾತಿಗೆ ಸೇರಿದ್ದಾಗಿತ್ತು. ಕೊಟ್ಟ ಅವಧಿಯನ್ನು ಆಕೆ ಪಾಲಿಸಿದ್ದಾಳೆ. ಅವಧಿಯನ್ನೇ ತಪ್ಪಾಗಿ ಕೇಳಿಸಿಕೊಂಡವನನ್ನು ವ್ರತಭ್ರಷ್ಟನೆಂದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಇಂದಿನ ವೈದ್ಯರಲ್ಲಿ ಅನೇಕರು, ಹಲ್ಲು ಸರಿಯಾಗಿ ನಿಲ್ಲಬೇಕೆಂಬ ಇಚ್ಛೆ ಇರುವವರೆಗೂ ರಾತ್ರಿ ರಿಟೈನರ್ ಧರಿಸಬೇಕೆಂದೇ ಹೇಳುತ್ತಾರೆ.

ಆಕೆಯ ನಡತೆಯಲ್ಲಿ ನನಗೆ ಮೆಚ್ಚಿಕೆಯಾದ ಅಂಶ ಬೇರೊಂದಿದೆ. ಹೊಸ ವೈದ್ಯರ ಮುಂದೆ ಆಕೆ ಎಲ್ಲವನ್ನೂ ಹೇಳಿದಳು: ಎಷ್ಟು ತಿಂಗಳು ರಿಟೈನರ್ ಧರಿಸಿದ್ದು, ಯಾವಾಗ ಬಿಟ್ಟದ್ದು, ಹಲ್ಲು ಸರಿಯುತ್ತಿರುವುದನ್ನು ಐದಾರು ವರ್ಷಗಳ ಹಿಂದೆಯೇ ಕಂಡೂ ಸುಮ್ಮನಿದ್ದದ್ದು. ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುವಿನಲ್ಲಿ ನಡೆದುದನ್ನು ನಿವೇದಿಸುವುದು. ಅದಕ್ಕೆ ಹತ್ತು ದೋಷಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಯದ್ದೃಷ್ಟವೆಂಬುದು, ಪರರ ಕಣ್ಣಿಗೆ ಬಿದ್ದುದನ್ನಷ್ಟೇ ಹೇಳಿ ಬೀಳದುದನ್ನು ಮರೆಮಾಡುವುದು. ವಕ್ರವಾದ ಹಲ್ಲು ಯಾರಿಗಾದರೂ ಕಾಣುತ್ತದೆ. ಐದು ವರ್ಷದ ಉಪೇಕ್ಷೆ ಕಾಣದು. ಕಾಣದುದನ್ನು ಹೇಳಿದ್ದರಿಂದ ವೈದ್ಯರಿಗೂ ಉಪಯೋಗವಾಯಿತು, ಏಕೆಂದರೆ ಮುಂದೆ ಯಾವ ಬಗೆಯ ರಿಟೈನರ್ ಆಕೆಗೆ ತಕ್ಕುದೆಂಬುದು ಈ ವೃತ್ತಾಂತವನ್ನು ಅವಲಂಬಿಸಿರುತ್ತದೆ.

ಹಾಗೆಂದು ಎರಡನೆಯ ಚಿಕಿತ್ಸೆಯು ಯಾರು ಬೇಕಾದರೂ ಹಗುರವಾಗಿ ಕೈಗೊಳ್ಳತಕ್ಕುದೆಂದು ನಾನು ಹೇಳಲಾರೆ. ಹಲ್ಲನ್ನು ಸರಿಸುವಾಗ ಕೆಲವರಲ್ಲಿ ಬೇರಿನ ತುದಿ ಸ್ವಲ್ಪ ಕರಗಿ ಗಿಡ್ಡವಾಗುವುದುಂಟು. ಕರಗಿದ ಬೇರು ಮತ್ತೆ ಬೆಳೆಯುವುದಿಲ್ಲ. ಆದುದರಿಂದಲೇ ವೈದ್ಯರು ಮೊದಲು ಎಕ್ಸರೇ ತೆಗೆಸಿ ನೋಡುತ್ತಾರೆ. ಮತ್ತೆ ಸರಿಸಿ, ಮತ್ತೆ ಉಪೇಕ್ಷಿಸಿ, ಮೂರನೆಯ ಸಲಕ್ಕೆ ಬರುತ್ತೇನೆನ್ನುವವರಿಗೆ ಈಗಿರುವ ವಕ್ರದಂತಗಳೇ ಲೇಸು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳನ್ನು ಹೇಳಿದೊಡನೆಯೇ, ಅವು ಸ್ಥಿರವಾಗಿ ನಿಲ್ಲುವುದಕ್ಕಾಗಿ ಒಂದೊಂದಕ್ಕೂ ಐದೈದು ಭಾವನೆಗಳನ್ನು ವಿಧಿಸಿದ್ದಾರೆ. ಸ್ವೀಕರಿಸುವುದು ಒಂದು ದಿನದ ಕಾರ್ಯ, ಭಾವನೆಗಳು ದಿನದಿನದವು. ಅಧಿಕಾರವನ್ನು ಕುರಿತ ಆಕೆಯ ಪ್ರಶ್ನೆಗೆ ನಾನು ಬರೆದ ಉತ್ತರ ಇಷ್ಟೇ: ತಂತಿ ಕಟ್ಟಿಸಿಕೊಳ್ಳುವ ಮುನ್ನ ರಿಟೈನರನ್ನು ಯಾವಜ್ಜೀವವೂ ಧರಿಸುವೆನೆಂಬ ನಿಶ್ಚಯ ನಿನಗಿದ್ದರೆ ಅಧಿಕಾರವುಂಟು, ಹಿಂದಿನ ಡಬ್ಬಿ ಕಪಾಟಿನಲ್ಲಿ ಉಳಿದುದು ಅದಕ್ಕೆ ಅಡ್ಡಿಯಾಗದು.

ವ್ರತಸ್ಥರಿಗೆ ಕೆಲವು ವ್ಯಾವಹಾರಿಕ ಸಂಗತಿಗಳು. ತಂತಿಯ ಸಂದುಗಳಲ್ಲಿ ಆಹಾರದ ಕಣ ನಿಲ್ಲುವುದರಿಂದ ಪ್ರತಿ ಊಟದ ಅನಂತರ ಸಣ್ಣ ಬ್ರಷ್ಷಿನಿಂದ ಶುಚಿ ಮಾಡಲೇಬೇಕು. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮುಂಚೆ ನೀರನ್ನೂ ಬಿಡುವವರು ಸಂಜೆಯ ಊಟವನ್ನು ಕಾಲು ಗಂಟೆ ಹಿಂದಕ್ಕೆ ತಂದುಕೊಳ್ಳಬೇಕಾಗುವುದು. ಮನೆಯ ಅಡುಗೆಯವರಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಬಾಯಿ ಮುಕ್ಕಳಿಸುವ ಕೆಲವು ದ್ರವಗಳಲ್ಲಿ ಮದ್ಯಸಾರವಿರುತ್ತದೆ. ಅದಿಲ್ಲದವೂ ದೊರೆಯುತ್ತವೆ, ಸೀಸೆಯ ಮೇಲಿನ ಚೀಟಿಯನ್ನು ಓದಿ ಕೊಳ್ಳಬೇಕು. ಚಕ್ಕುಲಿ, ಕೋಡುಬಳೆ, ಕಬ್ಬು ಇವು ತಂತಿಗೆ ಶತ್ರುಗಳು. ತಂತಿ ಮುರಿದೀತೆಂದು ಚಕ್ಕುಲಿ ಬಿಟ್ಟವರು ಅದನ್ನು ರಸತ್ಯಾಗದ ಲೆಕ್ಕಕ್ಕೆ ಸೇರಿಸದಿರುವುದು ಲೇಸು. ತಂತಿ ಬಿಗಿಸಿದ ಮೇಲೆ ಮೂರು ನಾಲ್ಕು ದಿನ ಹಲ್ಲು ನೋಯುವುದರಿಂದ, ಭಾದ್ರಪದ ಶುದ್ಧ ಪಂಚಮಿಗೆ ಒಂದು ವಾರ ಮುಂಚೆ ಆ ಕೆಲಸವನ್ನು ಮುಗಿಸಿಕೊಂಡರೆ ದಶಲಕ್ಷಣ ಪರ್ವದ ಧಾರಣೆ ಪಾರಣೆಗಳಿಗೆ ತೊಂದರೆಯಾಗದು.

ಆಕೆಯ ಎರಡನೆಯ ಪತ್ರದಲ್ಲಿ ಇನ್ನೊಂದು ಶಂಕೆಯಿತ್ತು. ಅನಂತ ಚತುರ್ದಶಿಯ ನಿರ್ಜಲ ಉಪವಾಸದ ರಾತ್ರಿ ರಿಟೈನರನ್ನು ಬಾಯಲ್ಲಿಟ್ಟರೆ ವ್ರತಕ್ಕೆ ಭಂಗವೆ ಎಂದು ಕೇಳಿದ್ದಳು. ಉಪವಾಸವೆಂದರೆ ಅನ್ನ, ಪಾನ, ಖಾದ್ಯ, ಲೇಹ್ಯವೆಂಬ ನಾಲ್ಕು ಬಗೆಯ ಆಹಾರದ ತ್ಯಾಗ. ರಿಟೈನರ್ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಹಿಂದಿನ ದಿನ ಸೂರ್ಯಾಸ್ತಕ್ಕೆ ಮುಂಚೆ ಸೋಸಿದ ನೀರಿನಲ್ಲಿ ತೊಳೆದು, ಒರೆಸಿ ಇಟ್ಟು, ಒಣಗಿದುದನ್ನೇ ಧರಿಸಬಹುದೆಂದು ಬರೆದೆನು. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ, ಹಲ್ಲಿನ ಹಿಂಬದಿಗೆ ಅಂಟಿಸಿಬಿಡುವ ಸಣ್ಣ ತಂತಿಯ ಕ್ರಮವೂ ಇದೆ. ಅದನ್ನು ತೆಗೆಯುವ, ಹಾಕುವ ಪ್ರಸಂಗವೇ ಇರುವುದಿಲ್ಲ. ಕೆಳದವಡೆಗೆ ವೈದ್ಯರು ಅದನ್ನೇ ಸೂಚಿಸಿದ್ದಾರೆಂದು ಮೊನ್ನೆ ಆಕೆಯಿಂದ ಉತ್ತರ ಬಂದಿದೆ.