ಗಾಳಿ ಸೀಳಿದವನ ಬೆನ್ನ ಹಿಂದೆ

ಇನ್ನೊಬ್ಬನ ಶ್ರಮದ ಮರೆಯಲ್ಲಿ ಸಾಗಿ ಗೆದ್ದರೆ ಆ ಗೆಲುವು ನಮ್ಮದೇ ಆಗುತ್ತದೆಯೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ಯಾವುದೋ ಗ್ರಂಥ ಓದುವಾಗ ಅಲ್ಲ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ವೆಲೋಡ್ರೋಮಿನಲ್ಲಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕುಳಿತಿದ್ದಾಗ.

ನಾನು ವಿಜಯಪುರ ಜಿಲ್ಲೆಯವನು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ 1984ರಲ್ಲಿ ಬ್ಯಾಂಕ್ ಸೇರಿದೆ. 1991ರಲ್ಲಿ ವರ್ಗವಾಗಿ ದೆಹಲಿಗೆ ಬಂದವನು ಯಮುನೆಯ ಈಚೆ ಮಯೂರ ವಿಹಾರದಲ್ಲಿ ಮನೆ ಮಾಡಿ, ಇಲ್ಲೇ ನಿವೃತ್ತನೂ ಆದೆ. ಊರಲ್ಲಿ ತಮ್ಮನಿದ್ದಾನೆ. ಅವನ ಮಗ 2022ರಲ್ಲಿ ನೋಯ್ಡಾದಲ್ಲಿ ಕೆಲಸ ಸಿಕ್ಕಿ ನಮ್ಮ ಮನೆಗೇ ಬಂದ. ಒಂದು ಸೂಟ್‌ಕೇಸ್, ಒಂದು ಚೀಲ ಜೋಳದ ಹಿಟ್ಟು, ಜೊತೆಗೆ ಒಂದು ಸೈಕಲ್!

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದು ಆಶ್ಚರ್ಯವಲ್ಲ. ನಮ್ಮಲ್ಲಿ ಸೈಕಲ್ ಶರ್ಯತ್ತು ಅಂದರೆ ಊರಿಗೆ ಊರೇ ರಸ್ತೆಗೆ ಬರುತ್ತದೆ. ರಾಷ್ಟ್ರಮಟ್ಟದ ಎಷ್ಟೋ ಸೈಕ್ಲಿಸ್ಟುಗಳು ಈ ಎರಡು ಜಿಲ್ಲೆಗಳಿಂದ ಬಂದಿದ್ದಾರೆ. ನಮ್ಮ ಹುಡುಗ ಆ ಮಟ್ಟದವನಲ್ಲ. ನೌಕರಿ ಮಾಡುತ್ತಾ ಹವ್ಯಾಸಕ್ಕೆ ತುಳಿಯುವವನು. ಅವಕಾಶ ಸಿಕ್ಕ ದಿನ ಬೆಳಗಿನ ಜಾವ ಟ್ರ್ಯಾಕಿಗೆ ಹೋಗುತ್ತಿದ್ದ. ನಿವೃತ್ತನಿಗೆ ಬೇರೆ ಕೆಲಸವೇನು? ನಾನೂ ಹೊರಡುತ್ತಿದ್ದೆ.

ಈ ವೆಲೋಡ್ರೋಮನ್ನು 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕಟ್ಟಿದರು. ಛಾವಣಿಯ ಕೆಳಗೆ ಮರದ ಹಲಗೆಯ ಟ್ರ್ಯಾಕು, ಒಂದು ಸುತ್ತಿಗೆ 250 ಮೀಟರ್. ತಿರುವುಗಳಲ್ಲಿ ನೆಲ ಗೋಡೆಯಂತೆ ಏಳುತ್ತದೆ. ವೇಗ ಕಡಿಮೆಯಾದರೆ ಚಕ್ರ ಕೆಳಕ್ಕೆ ಜಾರುತ್ತದೆ. ಇಲ್ಲಿಯ ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರ್ ಒಂದೇ. ಚಕ್ರ ತಿರುಗುತ್ತಿರುವವರೆಗೆ ಪೆಡಲೂ ತಿರುಗುತ್ತಲೇ ಇರಬೇಕು, ಕಾಲು ಬಿಟ್ಟು ಕೂರುವ ಹಾಗಿಲ್ಲ. ಮೊದಲ ಸಲ ನೋಡಿದಾಗ, "ಇದೇನಪಾ, ಸಂಸಾರ ಇದ್ದಂಗೈತಿ" ಅಂದಿದ್ದೆ.

ಬ್ಯಾಂಕಿನ ಚಾಳಿ ಬಿಡಲಿಲ್ಲ. ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಅವನ ಒಂದು ಕಿಲೋಮೀಟರಿನ ಸಮಯ ಬರೆಯತೊಡಗಿದೆ. ಮೊದಲ ದಿನ 1 ನಿಮಿಷ 24 ಸೆಕೆಂಡು. ನಾಲ್ಕು ತಿಂಗಳಿಗೆ 1 ನಿಮಿಷ 19. ಮತ್ತೆ ಐದು ತಿಂಗಳಿಗೆ 1 ನಿಮಿಷ 16. ಮುಂದಿನ ಒಂದೇ ಒಂದು ಸೆಕೆಂಡಿಗೆ ಮತ್ತೆ ಐದು ತಿಂಗಳು ಹಿಡಿಯಿತು. ಅಷ್ಟೇ ಮೈ ಬೆವರು, ಅಷ್ಟೇ ನಿದ್ದೆಗೆಡುವುದು, ಫಲ ಮಾತ್ರ ಕಡಿಮೆ. ಯಾಕೆ ಅಂತ ಕೇಳಿದೆ. "ಗಾಳಿರಿ ದೊಡ್ಡಪ್ಪ" ಅಂದ.

ಆಮೇಲೆ ಓದಿ ತಿಳಿದುಕೊಂಡೆ. ಸಮತಟ್ಟು ಜಾಗದಲ್ಲಿ ವೇಗವಾಗಿ ಹೋಗುವ ಸೈಕಲ್ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ತಳ್ಳುವುದಕ್ಕೇ. ವೇಗ ಎರಡು ಪಟ್ಟಾದರೆ ಗಾಳಿಯ ಎದುರು ಬೇಕಾಗುವ ಶಕ್ತಿ ಎಂಟು ಪಟ್ಟು! ಮುಂದಿನವನ ಹಿಂಬದಿ ಚಕ್ರಕ್ಕೆ ಅಂಟಿದಂತೆ ಹೋಗುವವನಿಗೆ ಈ ಖರ್ಚು ಬಹಳ ಉಳಿಯುತ್ತದೆ. ಗಾಳಿಯನ್ನು ಮುಂದಿನವನು ಸೀಳಿರುತ್ತಾನೆ, ಹಿಂದಿನವನು ಆ ಸಂದಿಯಲ್ಲಿ ಸಾಗುತ್ತಾನೆ.

ಒಂದು ಭಾನುವಾರ ಹವ್ಯಾಸಿಗಳೇ ಸೇರಿ ಇಪ್ಪತ್ತು ಸುತ್ತಿನ ಸ್ಪರ್ಧೆ ಇಟ್ಟುಕೊಂಡರು. ಎಲ್ಲರೂ ಒಟ್ಟಿಗೆ ಹೊರಡುವುದು, ಕೊನೆಗೆ ಗೆರೆ ಮೊದಲು ದಾಟಿದವನು ಗೆದ್ದ. ಎತ್ತರದ ಒಬ್ಬ ಹುಡುಗ ಎಂಟನೆಯ ಸುತ್ತಿನಿಂದ ಮುಂದೆ ನಿಂತವನು ಬಿಟ್ಟುಕೊಡಲೇ ಇಲ್ಲ. ನಮ್ಮವನು ಅವನ ಹಿಂದೆ ನೆರಳಿನಂತೆ. ಕೊನೆಯ ಅರ್ಧ ಸುತ್ತಿನಲ್ಲಿ ಪಕ್ಕಕ್ಕೆ ಸರಿದು ದಾಟಿಬಿಟ್ಟ. ಚಪ್ಪಾಳೆ ತಟ್ಟಲು ಎತ್ತಿದ ಕೈ ನನಗೆ ಅಲ್ಲೇ ನಿಂತಿತು. ಪಕ್ಕದಲ್ಲೇ ಆ ಹುಡುಗನ ತಾಯಿ ಕುಳಿತಿದ್ದರು.

ಮನೆಗೆ ಬರುವಾಗ ಕೇಳಿಯೇಬಿಟ್ಟೆ. "ಅಲ್ಲೋ, ಅವ ಹನ್ನೆರಡು ಸುತ್ತು ಗಾಳಿ ಸೀಳಿದ. ನೀ ಬೆನ್ನ ಹಿಂದ ಕುಂತು ಕಡೀಕ ದಾಟಿದಿ. ಇದು ಗೆದ್ದಂಗೇನು?"

ಅವನಿಗೆ ಸಿಟ್ಟು ಬರಲಿಲ್ಲ. "ಅವಂಗೂ ಗೊತ್ತಿತ್ರಿ ದೊಡ್ಡಪ್ಪ. ಮ್ಯಾಲ ಸರದು ನನ್ನ ಮುಂದ ಬಿಡಬಹುದಿತ್ತು, ಬಿಡಲಿಲ್ಲ. ಆಟ ಇರೂದ ಹಂಗ. ಮುಂದಿನ ಸಲ ನಾ ಮುಂದ ಇರ್ತೀನಿ." ಎರಡು ವಾರದ ಮೇಲೆ ನಿಜಕ್ಕೂ ಅವನೇ ಮುಂದೆ ನಿಂತ. ಮೂರನೆಯವನಾಗಿ ಬಂದು ನಗುತ್ತಾ ಇಳಿದ.

ಅವನ ಉತ್ತರದಲ್ಲಿ ಎರಡು ಮಾತುಗಳಿದ್ದವು ಎಂದು ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಒಂದು, ಮುಂದಿದ್ದವನಿಗೆ ತಾನು ಮಾಡುತ್ತಿರುವುದು ಗೊತ್ತಿತ್ತು. ಎರಡು, ಬೇಡ ಅನ್ನಿಸಿದರೆ ಸರಿದುಕೊಳ್ಳುವ ದಾರಿ ಅವನಿಗಿತ್ತು. ಇವೆರಡೂ ಇದ್ದಲ್ಲಿ ಇನ್ನೊಬ್ಬನ ಮರೆಯಲ್ಲಿ ಸಾಗುವುದು ಮೋಸವಲ್ಲ. ಹಾಗಾದರೆ ಇವೆರಡೂ ಇಲ್ಲದಿದ್ದಲ್ಲಿ?

ನಮ್ಮ ತಂದೆ 1988ರಲ್ಲಿ ತೀರಿಕೊಂಡರು. ಹೊಲ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ನನಗೆ ಆಗಲೇ ಬ್ಯಾಂಕಿನ ನೌಕರಿ, ತಮ್ಮ ಬಿ.ಎ. ಎರಡನೆಯ ವರ್ಷ. ಓದು ಬಿಟ್ಟು ಊರಿಗೆ ಬಂದ. "ನೀ ಬರ್ತೀಯೇನು?" ಅಂತ ಯಾರೂ ಅವನನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. 2006ರಲ್ಲಿ ಅವ್ವನಿಗೆ ಪಾರ್ಶ್ವವಾಯು ಬಡಿಯಿತು. ಮೂರು ವರ್ಷ ಹಾಸಿಗೆ. ಅವಳನ್ನು ಎತ್ತಿ ಕೂರಿಸಿದವನು, ಸ್ನಾನ ಮಾಡಿಸಿದವನು, ರಾತ್ರಿ ಎದ್ದು ಮಗ್ಗಲು ಬದಲಿಸಿದವನು ಅವನು, ಅವನ ಹೆಂಡತಿ. ನಾನು ತಿಂಗಳಾ ತಿಂಗಳಾ ಹಣ ಕಳಿಸಿದೆ. ಆ ಮೂರು ವರ್ಷಗಳಲ್ಲೇ ನನಗೆ ಎರಡು ಬಡ್ತಿ. ಬೀಳ್ಕೊಡುಗೆ ಸಮಾರಂಭದಲ್ಲಿ "ಸ್ವಂತ ಪರಿಶ್ರಮದಿಂದ ಮೇಲೆ ಬಂದವರು" ಎಂದು ನನ್ನನ್ನು ಹೊಗಳಿದರು. ನಾನು ತಲೆಯಾಡಿಸಿದೆ.

ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಬಹಳ ಜನ ಕಷ್ಟಪಟ್ಟೇ ಮೇಲೆ ಬಂದಿದ್ದೇವೆ. ಅದು ಸುಳ್ಳಲ್ಲ. ಭಾಷೆ ಬಾರದ ಊರಲ್ಲಿ ಬಾಡಿಗೆ ಮನೆ ಹುಡುಕಿದ್ದು, ಗ್ಯಾಸ್ ಸಿಲಿಂಡರಿಗೆ ಅಲೆದದ್ದು, ದೆಹಲಿಯ ಚಳಿಯಲ್ಲಿ ಬಸ್ಸಿಗೆ ಕಾದದ್ದು ಎಲ್ಲವೂ ನಿಜ. ನಮ್ಮ ಹುಡುಗನೂ ಆ ಕೊನೆಯ ಅರ್ಧ ಸುತ್ತನ್ನು ತನ್ನ ಕಾಲಿನಿಂದಲೇ ತುಳಿದ. ಆದರೆ ಅದಕ್ಕೆ ಮುಂಚಿನ ಹನ್ನೆರಡು ಸುತ್ತು ಯಾರ ಕಾಲಿನದು? ಊರಲ್ಲಿ ಒಬ್ಬ ತಮ್ಮ, ಒಬ್ಬ ಅಕ್ಕ, ಒಬ್ಬ ಅತ್ತಿಗೆ ಉಳಿದುಕೊಂಡಿದ್ದರಿಂದಲೇ ನಮಗೆ ಹೊರಡುವ ಧೈರ್ಯ ಬಂತಲ್ಲವೇ?

ಟ್ರ್ಯಾಕಿನಲ್ಲಿ ತಂಡದ ಸ್ಪರ್ಧೆಯೊಂದಿದೆ, ಟೀಮ್ ಪರ್ಸ್ಯೂಟ್ ಅಂತ. ನಾಲ್ವರು ಸಾಲಾಗಿ ನಾಲ್ಕು ಕಿಲೋಮೀಟರ್ ಓಡಿಸುತ್ತಾರೆ. ಮುಂದಿದ್ದವನು ಸ್ವಲ್ಪ ಹೊತ್ತು ಗಾಳಿ ಸೀಳಿ, ತಿರುವಿನಲ್ಲಿ ಮೇಲಕ್ಕೆ ಸರಿದು, ಸಾಲಿನ ಹಿಂದೆ ಬಂದು ಸೇರುತ್ತಾನೆ. ಮತ್ತೊಬ್ಬನ ಸರದಿ. ಸಮಯ ಲೆಕ್ಕಕ್ಕೆ ಬರುವುದು ಮೂರನೆಯವನು ಗೆರೆ ದಾಟಿದಾಗ. ಆದ್ದರಿಂದ ಎಷ್ಟೋ ಸಲ ಒಬ್ಬ ತನ್ನ ಶಕ್ತಿಯನ್ನೆಲ್ಲ ಸುರಿದು, ಕೊನೆಗೆ ಮುಟ್ಟಲಾರದೆ ಸಾಲಿನಿಂದ ಕಳಚಿಕೊಳ್ಳುತ್ತಾನೆ. ಆದರೂ ಗೆದ್ದರೆ ಪದಕ ಅವನಿಗೂ ಉಂಟು. ಕುಟುಂಬ ಎಂಬ ತಂಡದಲ್ಲಿ ನಾವು ಎಲ್ಲ ನಿಯಮ ಇಟ್ಟುಕೊಂಡು ಇದೊಂದನ್ನು ಮರೆತಿದ್ದೇವೆ. ಸಾಲಿನಿಂದ ಕಳಚಿದವನ ಹೆಸರು ನಮ್ಮ ಬೀಳ್ಕೊಡುಗೆ ಭಾಷಣಗಳಲ್ಲಿ ಬರುವುದಿಲ್ಲ.

ಹಣ ಕಳಿಸಿದ್ದು ಸರದಿಯಲ್ಲವೇ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹಣಕ್ಕೆ ಬೆಲೆ ಇಲ್ಲ ಎಂದು ಬ್ಯಾಂಕಿನವನು ಹೇಳಲಾರ. ಔಷಧಿ ಬಂದದ್ದು ಅದರಿಂದಲೇ. ಆದರೆ ಹಣ ಕಳಿಸಿದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಗಾಳಿಗೆ ಎದೆ ಕೊಟ್ಟವನಿಗೆ ನಿದ್ದೆ ಇರಲಿಲ್ಲ. ಖಾತೆಯ ಎರಡು ಬದಿ ಸರಿದೂಗುವುದು ಎರಡೂ ಒಂದೇ ನಾಣ್ಯದಲ್ಲಿದ್ದಾಗ ಮಾತ್ರ.

ಒಂದು ದಿನ ಫೋನಿನಲ್ಲಿ ತಮ್ಮನಿಗೆ ಇದನ್ನೆಲ್ಲ ತಡವರಿಸುತ್ತಾ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ರೊಕ್ಕ ಕಳಸಲಿಲ್ಲಂದ್ರ ಹೊಲ ಎಂದೋ ಮಾರಿ ಹೋಗ್ತಿತ್ತಣ್ಣಾ. ಈಗ್ಯಾಕ ಅದೆಲ್ಲಾ?" ಅಂದ. ಮನಸ್ಸು ಹಗುರಾಯಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಅದು ಅವನ ದೊಡ್ಡತನ, ನನ್ನ ಸಾಲ ತೀರಿದ ರಸೀದಿಯಲ್ಲ.

ಕಳೆದ ಬೇಸಿಗೆಯಲ್ಲಿ ಅವನಿಗೆ ಮೊಣಕಾಲಿನ ಆಪರೇಷನ್ ಆಯಿತು. ಮಗನಿಗೆ ರಜೆ ಸಿಗಲಿಲ್ಲ. ನಾನು ಹೋಗಿ ನಲವತ್ತು ದಿನ ಇದ್ದೆ. ರಾತ್ರಿ ಎರಡಕ್ಕೆ "ಅಣ್ಣಾ" ಅಂದರೆ ಎದ್ದು ಕೈ ಕೊಟ್ಟು ಬಚ್ಚಲಿಗೆ ಕರೆದೊಯ್ಯುವುದು. ನನಗೂ ಅರವತ್ತಾರು, ಸೊಂಟ ಹಿಡಿದುಕೊಳ್ಳುತ್ತಿತ್ತು. ಅವ್ವ ಮಲಗಿದ್ದ ಕೋಣೆಯೇ ಅದು. ಒಂದು ರಾತ್ರಿ ನಿದ್ದೆ ಹಾರಿಹೋದಾಗ ಹಳೆಯ ಚಾಳಿಯಂತೆ ಲೆಕ್ಕ ಹಾಕಿದೆ. ಮೂರು ವರ್ಷಕ್ಕೆ ನಲವತ್ತು ದಿನ ಎಂದರೆ ಶೇಕಡಾ ನಾಲ್ಕೂ ಆಗಲಿಲ್ಲ.

ಬೆಳಿಗ್ಗೆ ದೆಹಲಿಯ ಟಿಕೆಟ್ಟನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿದೆ.