ಹೊಣೆಯೂ ಹಂಗೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಿ.ಟಿ.ಎಂ. ಲೇಔಟ್ ಎಂಬ ಬಡಾವಣೆಯುಂಟು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿಂದ ಅದಕ್ಕೆ ಆ ಹೆಸರು ಬಂತು. ನಮ್ಮ ಊರುಗಳ ಮಕ್ಕಳು ಉದ್ಯೋಗಾರ್ಥವಾಗಿ ಅಲ್ಲಿ ಬಾಡಿಗೆ ಕೋಣೆಗಳಲ್ಲಿ ವಾಸಿಸುತ್ತಾರೆ. ಕೆಲವರು ಅಲ್ಲಿಂದ ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಗಿ ನೆಲಸಿ, ತರುವಾಯ ಊರಿಗೆ ಬಂದು ಮದುವೆಯಾಗಿ, ಹೆಂಡತಿಯನ್ನಾಗಲಿ ಗಂಡನನ್ನಾಗಲಿ ತಮ್ಮ ಬಳಿಗೆ ಕರೆಯಿಸಿಕೊಳ್ಳುತ್ತಾರೆ. ಹಾಗೆ ಕರೆಯಿಸುವವರು ಆ ದೇಶದ ಸರಕಾರಕ್ಕೆ ಹೊಣೆ ನಿಲ್ಲಬೇಕಾಗುತ್ತದೆ. ಹೊಣೆ ನಿಂತವರಿಗೆ ಬಂದವರ ಮೇಲೆ ಯಾವ ಅಧಿಕಾರವುಂಟು ಎಂಬುವದೇ ಈಗ ನಾವು ವಿಚಾರಿಸತಕ್ಕ ಪ್ರಶ್ನೆಯು.

ಮೊದಲು ಹೊಣೆಯೆಂದರೇನೆಂದು ತಿಳಿಯೋಣ. ನೆರೆಯವನ ಸಾಲಕ್ಕೆ ಒಬ್ಬನು ಸೊಸೈಟಿಯಲ್ಲಿ ಜಾಮೀನು ನಿಂತರೆ ಆ ನೆರೆಯವನ ಎತ್ತುಗಳು ಇವನವಾಗುವದಿಲ್ಲ, ಕಟ್ಟುಬೀಳುವವನು ಜಾಮೀನುದಾರನೇ. ಅಮೆರಿಕದ ಕಾನೂನೂ ಹಾಗೆಯೇ ಇರುತ್ತದೆ. ಶಾಶ್ವತವಾಸಕ್ಕೆ ಸಂಗಾತಿಯನ್ನು ಕರೆಯಿಸುವವರು ಐ-864 ಎಂಬ ಪತ್ರಕ್ಕೆ ರುಜು ಹಾಕಿ, ಸರಕಾರವು ಬಡತನಕ್ಕೆ ಗೊತ್ತುಮಾಡಿದ ಮಟ್ಟದಲ್ಲಿ ಸಾಮಾನ್ಯವಾಗಿ ನೂರಕ್ಕೆ 125ರಷ್ಟು ವರಮಾನಕ್ಕೆ ಕಡಿಮೆಯಾಗದಂತೆ ಸಂರಕ್ಷಿಸುವೆವೆಂದು ಮಾತು ಕೊಡುತ್ತಾರೆ. ವಿವಾಹವು ಮುರಿದರೂ ಈ ಮಾತು ಬಿದ್ದುಹೋಗುವದಿಲ್ಲ. ಬಂದವರು ಅಲ್ಲಿಯ ಪೌರರಾಗುವ ತನಕ, ಅಥವಾ ಸುಮಾರು 10 ವರುಷಗಳ ದುಡಿಮೆಯು ಅವರ ಲೆಕ್ಕಕ್ಕೆ ಸೇರುವ ತನಕ, ಅಥವಾ ವಾಸದ ಹಕ್ಕನ್ನು ಬಿಟ್ಟು ದೇಶದಿಂದ ಹೊರಡುವ ತನಕ, ಇಲ್ಲವೆ ಇಬ್ಬರಲ್ಲೊಬ್ಬರು ಸಾಯುವ ತನಕ ಅದು ನಿಲ್ಲುತ್ತದೆ. ಇಂಗ್ಲೆಂಡಿನವರು 2012ರಲ್ಲಿ ವರುಷಕ್ಕೆ 18,600 ಪೌಂಡು ವರಮಾನ ಬೇಕೆಂದು ವಿಧಿಸಿ, 2024ರ ಏಪ್ರಿಲಿನಲ್ಲಿ ಅದನ್ನು 29,000ಕ್ಕೆ ಏರಿಸಿದರು. ಸರಕಾರಗಳು ಹಣವನ್ನು ಅಳೆಯುತ್ತವೆ. ಮನಸ್ಸನ್ನು ಅಳೆಯುವ ಬಳ್ಳ ಅವುಗಳಲ್ಲಿಲ್ಲ.

ಆದದರಿಂದಲೇ ಹೊಣೆಯು ಹಂಗಾಗಿ ತಿರುಗುವ ಅಪಾಯವುಂಟು. ನಾನು ನಿನಗೆ ಕಟ್ಟುಬಿದ್ದಿದ್ದೇನೆಂಬುವದು ಹೊಣೆ. ನೀನು ನನಗೆ ಕಟ್ಟುಬಿದ್ದಿದ್ದೀ ಎಂಬುವದು ಹಂಗು. ಹ್ಯಾಗೆಂದರೆ, ಎಚ್-1ಬಿ ವೀಸಾದ ಮೇಲೆ ಉದ್ಯೋಗ ಮಾಡುವವನ ಹೆಂಡತಿಯು ಎಚ್-4 ಎಂಬ ವೀಸಾದ ಮೇಲೆ ಹೋಗುತ್ತಾಳೆ. ಆ ವೀಸಾದಿಂದ ಕೆಲಸಕ್ಕೆ ಸೇರುವ ಅಪ್ಪಣೆಯು 2015ರ ಮೇ 26ರ ವರೆಗೆ ಇರಲಿಲ್ಲ. ಆಮೇಲೂ ಅದು ಕೆಲವರಿಗೆ ಮಾತ್ರ ದೊರಕಿತು. ಬೆಂಗಳೂರಿನಲ್ಲಿ ಸಂಬಳ ತಂದವಳು ಅಲ್ಲಿ ಬಸ್ಸಿನ ಚೀಟಿಗೂ ಕೈಚಾಚುವಂತಾಗುತ್ತದೆ. ಇನ್ನು ಮದುವೆಯಾಗಿ ಎರಡು ವರುಷ ತುಂಬುವ ಮೊದಲು ಶಾಶ್ವತವಾಸದ ಹಸುರು ಕಾರ್ಡು ಹೊಂದಿದವರಿಗೆ ಅದು ಎರಡು ವರುಷದ ಷರತ್ತಿನದು. ಷರತ್ತನ್ನು ತೆಗೆಯಿಸಲು ಸಾಮಾನ್ಯವಾಗಿ ಇಬ್ಬರೂ ಕೂಡಿ ಅರ್ಜಿ ಕೊಡಬೇಕು. ಇಂಥ ಸಮಯದಲ್ಲಿ, "ನಾನು ರುಜು ಹಾಕುವದಿಲ್ಲ" ಎಂಬ ಒಂದೇ ಮಾತು ಬೆತ್ತಕ್ಕಿಂತ ಹೆಚ್ಚು ನೋಯಿಸುತ್ತದೆ. ಪೌರರ ಅಥವಾ ಶಾಶ್ವತವಾಸಿಗಳ ಸಂಗಾತಿಗಳು ಹಿಂಸೆಗೊಳಗಾದರೆ, ಹಿಂಸಿಸಿದವರ ರುಜುವಿಲ್ಲದೆ ತಾವೇ ಅರ್ಜಿ ಮಾಡಬಹುದೆಂದು ಆ ದೇಶದವರು 1994ರಲ್ಲಿ ಕಾನೂನು ಮಾಡಿದ್ದು ಈ ಕೇಡನ್ನು ಕಂಡೇ.

ಕೆಲವರು ಕೇಳಬಹುದು: ಹಣ ವೆಚ್ಚಮಾಡಿ, ಕಚೇರಿಗಳ ಬಾಗಲು ಕಾದು ಕರೆಯಿಸಿದವರಿಗೆ ಕೃತಜ್ಞತೆ ಸಲ್ಲಬಾರದೋ? ಸಲ್ಲಬೇಕು. ಆದರೆ ಕೃತಜ್ಞತೆಯು ತಾನಾಗಿ ಬರತಕ್ಕದ್ದು; ವಸೂಲು ಮಾಡಿದರೆ ಅದು ಕಂದಾಯ. ಬಂದವರೂ ತಾಯ್ತಂದೆಗಳನ್ನು, ಉದ್ಯೋಗವನ್ನು, ನೆರೆಹೊರೆಯ ಮಾತನ್ನು ಬಿಟ್ಟು ಬಂದರಷ್ಟೆ. ಆ ವೆಚ್ಚವನ್ನು ಬರೆಯುವ ಮನೆ ಯಾವ ಅರ್ಜಿಯಲ್ಲಿಯೂ ಇಲ್ಲ.

ಬಂದವರಿಗೂ ಧರ್ಮವುಂಟು. ಕಾಗದಕ್ಕಾಗಿಯೇ ಮದುವೆಯಾಗುವವರು ಹೊಣೆ ನಿಂತವರನ್ನು ಏಣಿಯನ್ನಾಗಿ ಮಾಡುತ್ತಾರೆ. ಅಮೆರಿಕದ 1986ರ ಕಾನೂನು ಇಂಥ ಮೋಸಕ್ಕೆ 5 ವರುಷಗಳ ವರೆಗೆ ಸೆರೆಯನ್ನೂ 2,50,000 ಡಾಲರುಗಳ ವರೆಗೆ ದಂಡವನ್ನೂ ವಿಧಿಸಿತು.

ಆದಕಾರಣ ತಾಯ್ತಂದೆಗಳೇ, ಸಂಬಳವೆಷ್ಟೆಂದು ಕೇಳಿ ಸುಮ್ಮನಾಗಬೇಡಿರಿ. ಯಾವ ವೀಸಾ, ಅದರ ಮೇಲೆ ಕೆಲಸ ಮಾಡಬಹುದೋ ಎಂದೂ ಕೇಳಿರಿ. ಮದುವೆಯು 1872ರ ಕ್ರೈಸ್ತ ವಿವಾಹ ಕಾನೂನಿನಂತೆ ದೇವಾಲಯದಲ್ಲಾಗಲಿ, ಬೇರೆ ಕಾನೂನಿನಂತೆ ಉಪನೋಂದಣಾಧಿಕಾರಿಯ ಮುಂದಾಗಲಿ ದಾಖಲಾದ ಮೇಲೆ, ಪ್ರಮಾಣಪತ್ರದ ಒಂದು ನಕಲೂ ಪಾಸ್‌ಪೋರ್ಟೂ ಹೋಗುವವಳ ಕೈಯಲ್ಲೇ ಇರಲಿ. ಓದಿ ತಿಳಿಯದೆ ಅವಳು ಯಾವದಕ್ಕೂ ರುಜು ಹಾಕದಿರಲಿ.

ಹೊಣೆ ನಿಲ್ಲುವ ಯೌವನಸ್ಥರೇ, ಸರಕಾರಕ್ಕೆ ಕೊಟ್ಟ ಮಾತಿಗೆ ಅನೇಕ ಕೊನೆಗಳುಂಟು. ಸಭೆಯ ಮುಂದೆ ಕೊಟ್ಟ ಮಾತಿಗೆ ಮರಣವೊಂದೇ ಕೊನೆ. ಇವೆರಡರಲ್ಲಿಯೂ ಕಟ್ಟುಬಿದ್ದವರು ನೀವೇ ಎಂಬುವದನ್ನು ಮರೆಯಬೇಡಿರಿ.